ಕ್ಯಾಟಮರಾನ್‌ಗೆ ಮಿತಿಮೀರಿ ಭಾರ ಹೇರಿದ್ದರ ಬಗ್ಗೆ ದೂರು

ಇವರಿಗೆ,
ವ್ಯವಸ್ಥಾಪಕರು, ಗ್ರಾಹಕ ಸೇವಾ ವಿಭಾಗ, ಬೆಂಗಳೂರು

ವಿಷಯ: ಥಾಯ್ಲೆಂಡಿನ ಫುಕೆಟ್‌ನಲ್ಲಿ ಬಾಡಿಗೆಗೆ ಕೊಟ್ಟ ಹಾಯಿದೋಣಿಯ ಭಾರದ ಮಿತಿ ತಿಳಿಸದೇ ಇದ್ದದ್ದು

ಮಾನ್ಯರೇ,

ಜನವರಿಯಲ್ಲಿ ನಿಮ್ಮ ಮೂಲಕ 40 ಅಡಿಯ ಕ್ಯಾಟಮರಾನ್ (ಎರಡು ಒಡಲಿನ ಹಾಯಿದೋಣಿ) ಬಾಡಿಗೆಗೆ ಪಡೆದಿದ್ದೆವು. ಎಷ್ಟು ಭಾರ ಹೇರಬಹುದು ಅಂತ ಬುಕಿಂಗ್‌ಗೆ ಮೊದಲೇ ಇಮೇಲ್‌ನಲ್ಲಿ ಕೇಳಿದ್ದೆ. "ದೊಡ್ಡ ದೋಣಿ ಮೇಡಂ, ಎಷ್ಟು ಬೇಕಾದರೂ ತನ್ನಿ" ಎಂದು ನಿಮ್ಮವರು ಬರೆದರು.

ಫುಕೆಟ್‌ನ ಚಲೋಂಗ್ ಕೊಲ್ಲಿಯಲ್ಲಿ ನಾವು ಹತ್ತುವ ಮೊದಲೇ ದೋಣಿ ಭಾರಕ್ಕೆ ನೀರಿನಲ್ಲಿ ತಗ್ಗಿ ನಿಂತಿತ್ತು. ಹಿಂಭಾಗದಲ್ಲಿ ಡೈವಿಂಗ್ ಸಿಲಿಂಡರ್, ಕಯಾಕ್, ಆಮೇಲೆ ಕೂರಿಸಿದ ಜನರೇಟರ್. ಪಾಚಿ ಹಿಡಿಯದಂತೆ ತಳಕ್ಕೆ ಬಳಿಯುವ ನೀಲಿ ಬಣ್ಣದ ಅಂಚು ನೀರಿನ ಮೇಲೆ ಕಾಣಬೇಕು. ಹಿಂದಿನ ಮೆಟ್ಟಿಲ ಬಳಿ ಅದು ಪೂರ್ತಿ ಮುಳುಗಿ, ಮೇಲಿನ ಬಿಳಿ ಭಾಗಕ್ಕೇ ಪಾಚಿ ಕಟ್ಟಿತ್ತು. ಬಹಳ ದಿನದಿಂದ ಹೀಗೇ ಓಡಿಸುತ್ತಿದ್ದಾರೆ ಅಂತ ಅರ್ಥ ಅಲ್ವಾ?

ಕ್ಯಾಟಮರಾನ್ ಅಗಲವಾಗಿದೆ, ಜಾಗ ಇದೆ ಅಂತ ತುಂಬಿಸುತ್ತಾ ಹೋಗುವಂತಿಲ್ಲ. ಅದರ ಎರಡು ಒಡಲುಗಳೂ ಸಪೂರ. ಭಾರ ಏರಿದಷ್ಟೂ ಅವೆರಡನ್ನು ಸೇರಿಸುವ ನಡುವಿನ ನೆಲ ನೀರಿಗೆ ಹತ್ತಿರವಾಗುತ್ತದೆ. ಫಿ ಫಿ ದ್ವೀಪದ ದಾರಿಯಲ್ಲಿ ಅಲೆಗಳು ಆ ನೆಲದ ಅಡಿಗೇ ಗುದ್ದುತ್ತಿದ್ದವು. ಪ್ರತಿ ಏಟಿಗೂ ಮೇಜಿನ ಮೇಲಿನ ಲೋಟ ಎಗರುತ್ತಿತ್ತು, ಮಕ್ಕಳು ಹೆದರಿ ಅತ್ತರು. ಇನ್ನೊಂದು ಅಪಾಯವೂ ಇದೆ. ಗಾಳಿ ಜೋರಾದರೆ ಒಂಟಿ ಒಡಲಿನ ದೋಣಿ ವಾಲಿ ಗಾಳಿಯನ್ನು ಜಾರಿಸುತ್ತದೆ. ಕ್ಯಾಟಮರಾನ್ ಅಷ್ಟು ಸುಲಭಕ್ಕೆ ವಾಲುವುದಿಲ್ಲ, ಒತ್ತಡವೆಲ್ಲ ಹಾಯಿಕಂಬ ಮತ್ತು ಅದರ ತಂತಿಗಳ ಮೇಲೆ. ದೋಣಿ ಭಾರವಾದಷ್ಟೂ ಆ ಒತ್ತಡ ಜಾಸ್ತಿ.

ಸಮುದ್ರದ ನೀರನ್ನು ಸಿಹಿನೀರು ಮಾಡುವ ಯಂತ್ರ ದೋಣಿಯಲ್ಲೇ ಇತ್ತು. ಹಾಗಿದ್ದೂ 600 ಲೀಟರ್ ಟ್ಯಾಂಕ್ ಭರ್ತಿ ಮಾಡಿದ್ದೇಕೆ? ಅರ್ಧ ತುಂಬಿಸಿದ್ದರೆ 300 ಕೆ.ಜಿ. ಕಡಿಮೆಯಾಗುತ್ತಿತ್ತು. ಎಸಿಗೆ ಜನರೇಟರ್ ಬೇಕು, ಒಪ್ಪುತ್ತೇನೆ. ಆಗ ಸಿಲಿಂಡರ್, ಕಯಾಕ್ ಇಳಿಸಬೇಕು. ಎಲ್ಲವೂ ಬೇಕು ಅಂದರೆ ದೊಡ್ಡ ದೋಣಿ ಕೊಡಿ.

ಇದು ಫ್ರಾನ್ಸ್‌ನಲ್ಲಿ ಕಟ್ಟಿದ ದೋಣಿ. ಎಷ್ಟು ಜನ, ಟ್ಯಾಂಕಿನ ನೀರು ಮತ್ತು ಡೀಸೆಲ್ ಬಿಟ್ಟು ಎಷ್ಟು ಭಾರ ಎಂಬ ಫಲಕವನ್ನು ಯುರೋಪಿನ ನಿಯಮದಂತೆ ತಯಾರಕರೇ ಹಾಕಿರುತ್ತಾರೆ. ಅದು ಕಾಣದಂತೆ ಲೈಫ್ ಜಾಕೆಟ್ ಪೆಟ್ಟಿಗೆಯನ್ನು ಅಡ್ಡ ಕೂರಿಸಿ ತಿರುಪು ಬಿಗಿದಿದ್ದರು. ಇದಕ್ಕೆ ನನಗೆ ತುಂಬಾ ಸಿಟ್ಟಿದೆ.

ಬಾಡಿಗೆಯ ಅರ್ಧ ಹಣ ವಾಪಸ್ ಕೊಡಿ. ಆ ಫಲಕದ ಅಂಕಿಗಳನ್ನು ಬುಕಿಂಗ್ ಪತ್ರದಲ್ಲೇ ಮುದ್ರಿಸಿ. 15 ದಿನದೊಳಗೆ ಬರಹದಲ್ಲಿ ಉತ್ತರ ಬರದಿದ್ದರೆ ಜಿಲ್ಲಾ ಗ್ರಾಹಕ ಆಯೋಗಕ್ಕೆ ಹೋಗುತ್ತೇನೆ. ಫೋಟೊಗಳು, ನಿಮ್ಮ ಇಮೇಲ್‌ನ ಪ್ರತಿ ಲಗತ್ತಿಸಿದ್ದೇನೆ.

ಇಂತಿ,
ನಿಮ್ಮ ಗ್ರಾಹಕಿ