ಕಿವಿಗೆ ಸೂಜಿ ಹಾಕುವ ಮೊದಲು ಹಣೆಗೆ ಶ್ರುತಿಕವೆ ಇಡಿಸಿ: ಆರೋಗ್ಯ ಸಚಿವರಿಗೊಂದು ಬಹಿರಂಗ ಪತ್ರ

ಕರ್ನಾಟಕ ಸರ್ಕಾರದ ಆರೋಗ್ಯ ಮತ್ತು ಕುಟುಂಬ ಕಲ್ಯಾಣ ಸಚಿವರಿಗೆ,

ಮಾನ್ಯರೇ,

ಅಕ್ಯುಪಂಕ್ಚರ್ ಸ್ವತಂತ್ರ ಚಿಕಿತ್ಸಾ ಪದ್ಧತಿ ಎಂದು ಕೇಂದ್ರ ಆರೋಗ್ಯ ಸಚಿವಾಲಯ 2019ರ ಫೆಬ್ರವರಿಯಲ್ಲಿ ಒಪ್ಪಿದೆ. ಅದಕ್ಕೆ ನಮ್ಮ ತಕರಾರಿಲ್ಲ. ನಮ್ಮಲ್ಲಿ ಶ್ರವಣತಜ್ಞರಿರುವಂತೆ ಸೂಜಿ ಚಿಕಿತ್ಸಕರೂ ಇದ್ದಾರೆ. ತಕರಾರು ಇರುವುದು ಸೂಜಿ ಚಿಕಿತ್ಸೆಯ ಕ್ಲಿನಿಕ್‌ಗಳಲ್ಲಿ ತೂಗುವ ‘ಕಿವುಡು, ತಲೆಸುತ್ತು ಗುಣಪಡಿಸಲಾಗುವುದು’ ಎಂಬ ಬೋರ್ಡಿನ ಬಗ್ಗೆ. ಆ ಒಂದು ಸಾಲಿನಲ್ಲಿ ನಾಲ್ಕಾರು ಬೇರೆಬೇರೆ ಕಾಯಿಲೆ ಅಡಗಿವೆ. ಅವುಗಳಲ್ಲಿ ಒಂದಕ್ಕೆ ಗಡುವಿದೆ.

ರಾತ್ರಿ ಚೆನ್ನಾಗಿದ್ದ ಕಿವಿ ಬೆಳಿಗ್ಗೆ ಏಳುವಾಗ ಕಟ್ಟಿಕೊಂಡಿರುತ್ತದೆ. ಎಷ್ಟೋ ಸಲ ಮೊಬೈಲನ್ನು ಆ ಕಿವಿಗೆ ಹಿಡಿದಾಗಲೇ ಅದು ಗೊತ್ತಾಗುವುದು. ಗುಗ್ಗೆ ಇರಬೇಕು, ಶೀತ ಇರಬೇಕು ಎಂದು ಎಣ್ಣೆ ಬಿಟ್ಟುಕೊಂಡು ವಾರ ಕಳೆಯುತ್ತಾರೆ. 72 ಗಂಟೆಯೊಳಗೆ, ಒಂದರ ಪಕ್ಕ ಒಂದಿರುವ ಮೂರು ಆವರ್ತನಗಳಲ್ಲಿ ಕೇಳುವ ಶಕ್ತಿ 30 ಡೆಸಿಬಲ್ ಅಥವಾ ಹೆಚ್ಚು ಇಳಿದಿದ್ದರೆ ಅದು ಒಳಕಿವಿಯ ಹಠಾತ್ ಕಿವುಡು. ಸ್ಟೀರಾಯ್ಡ್ ಮೊದಲ ಎರಡು ವಾರದೊಳಗೇ ಶುರುವಾಗಬೇಕು. ಅದು ಫಲಿಸದಿದ್ದರೆ ಕಿವಿಯ ತಮಟೆಯ ಮೂಲಕ ಚುಚ್ಚುಮದ್ದು ಕೊಡಬಹುದು, ಅದೂ ಸುಮಾರು ಆರು ವಾರದೊಳಗೆ. ಈಗ ಲೆಕ್ಕ ಹಾಕಿ: ವಾರಕ್ಕೆ ಎರಡರಂತೆ ಸೂಜಿ ಚಿಕಿತ್ಸೆಯ ಹತ್ತು ಸಿಟ್ಟಿಂಗ್ ಎಂದರೆ ಐದು ವಾರ. ಕೆಲವರಿಗೆ ಕಿವಿ ತಾನಾಗಿಯೇ ಮರಳುತ್ತದೆ, ಆ ಯಶಸ್ಸು ಸೂಜಿಯ ಖಾತೆಗೆ ಜಮಾ ಆಗುತ್ತದೆ. ಮರಳದವರು ಲೆಕ್ಕಕ್ಕೇ ಬರುವುದಿಲ್ಲ.

ಇದನ್ನು ಗುರುತಿಸಲು ದೊಡ್ಡ ಯಂತ್ರ ಬೇಡ. 512 ಹರ್ಟ್ಸ್‌ನ ಶ್ರುತಿಕವೆಯನ್ನು (ತಟ್ಟಿದರೆ ಒಂದೇ ಸ್ವರ ಮೊಳಗಿಸುವ ಲೋಹದ ಕವೆ, ಟ್ಯೂನಿಂಗ್ ಫೋರ್ಕ್) ಮೊಣಕೈಗೆ ತಟ್ಟಿ, ಬುಡವನ್ನು ಹಣೆಯ ನಡುವೆ ಒತ್ತಿ ಹಿಡಿದು, ಯಾವ ಕಿವಿಗೆ ಜೋರು ಎಂದು ಕೇಳಿದರೆ ಸಾಕು. ಮಂದವಾದ ಕಿವಿಗೇ ಜೋರಾಗಿದ್ದರೆ ಗುಗ್ಗೆಯೋ ನೀರೋ ಅಡ್ಡ ಬಂದಿದೆ. ಒಳ್ಳೆಯ ಕಿವಿಗೆ ಜೋರಾಗಿದ್ದರೆ ತೊಂದರೆ ಒಳಕಿವಿಯದು ಅಥವಾ ನರದ್ದು, ಆವತ್ತೇ ಆಡಿಯೋಗ್ರಾಂ (ಕೇಳುವ ಶಕ್ತಿ ಅಳೆಯುವ ಪರೀಕ್ಷೆ) ಆಗಬೇಕು. ಕವೆ ಇಲ್ಲದಿದ್ದರೆ ಬಾಯಿ ಮುಚ್ಚಿ ‘ಮ್’ ಎಂದು ಗುನುಗಿಸಿ ಕೇಳಿದರೂ ಸುಳಿವು ಸಿಗುತ್ತದೆ.

ತಲೆಸುತ್ತಿನದು ಬೇರೆ ಕಥೆ. ಮಗ್ಗುಲು ಬದಲಿಸಿದಾಗ ಗೋಡೆ ತಿರುಗಿ, ನಿಮಿಷದೊಳಗೆ ನಿಂತುಬಿಟ್ಟರೆ ಸಾಮಾನ್ಯವಾಗಿ ಒಳಕಿವಿಯ ಕ್ಯಾಲ್ಸಿಯಂ ಹರಳು ಜಾರಿ ಅರ್ಧವೃತ್ತ ನಾಳಕ್ಕೆ ಬಿದ್ದಿರುತ್ತದೆ. ಅದನ್ನು ಹಿಂದಕ್ಕೆ ಕಳಿಸುವುದು ಸೂಜಿಯಲ್ಲ, ಎಪ್ಲಿ ವಿಧಾನ. ಬಲಗಿವಿಯಾದರೆ ಕುಳಿತಲ್ಲೇ ತಲೆಯನ್ನು ಬಲಕ್ಕೆ 45 ಡಿಗ್ರಿ ತಿರುಗಿಸಿ, ತಲೆ ಮಂಚದ ಅಂಚಿನಿಂದ ತುಸು ಕೆಳಗಿಳಿಯುವಂತೆ ಮಲಗಿಸಿ, ಸುತ್ತು ನಿಲ್ಲುವವರೆಗೆ 30ರಿಂದ 60 ಸೆಕೆಂಡು ಕಾಯಬೇಕು. ಆಮೇಲೆ ತಲೆ ಎಡಕ್ಕೆ 90 ಡಿಗ್ರಿ. ನಂತರ ಮೈಯೂ ಎಡಕ್ಕೆ ಹೊರಳಿ ಮೂಗು ನೆಲ ನೋಡಬೇಕು. ಕೊನೆಗೆ ಮೆಲ್ಲಗೆ ಎದ್ದು ಕೂರುವುದು. ಸುತ್ತಿನ ಜೊತೆ ಮಾತು ತೊದಲಿದರೆ, ಎರಡೆರಡು ಕಂಡರೆ, ನಿಲ್ಲಲಾಗದಿದ್ದರೆ ಪಾರ್ಶ್ವವಾಯು ಇರಬಹುದು. ನೇರ ತುರ್ತು ವಿಭಾಗಕ್ಕೆ.

ಹಾಗಾದರೆ ಸೂಜಿಗೆ ಜಾಗವೆಲ್ಲಿ? ಪಕ್ಕದಲ್ಲಿ. ವಾಕರಿಕೆಗೆ ಮಣಿಕಟ್ಟಿನ ಒಳಬದಿಯ ಗೆರೆಯಿಂದ ಮೂರು ಬೆರಳು ಮೇಲೆ, ಎರಡು ಸ್ನಾಯುರಜ್ಜುಗಳ ನಡುವಿನ ನೇಯ್‌ಗುವಾನ್ ಬಿಂದುವಿಗೆ ಒಂದಿಷ್ಟು ಆಧಾರವಿದೆ. ಕಿವುಡಿಗೆ ಸಂಬಂಧಿಸಿದ ಅಧ್ಯಯನಗಳು ಹೆಚ್ಚಾಗಿ ಚೀನಾದವು, ಬಹುಪಾಲು ಸಣ್ಣವು. ಕಿವಿ ಗುಂಯ್‌ಗುಡುವುದಕ್ಕೆ ಅಕ್ಯುಪಂಕ್ಚರ್ ಬೇಕೆಂದೂ ಬೇಡವೆಂದೂ ಅಮೆರಿಕದ ಇಎನ್‌ಟಿ ಅಕಾಡೆಮಿ 2014ರಲ್ಲಿ ಹೇಳಲಿಲ್ಲ. ಒಳಕಿವಿಯಲ್ಲಿ ಶಬ್ದ ಹಿಡಿಯುವ ರೋಮಕೋಶ ಸತ್ತರೆ ಅದನ್ನು ಯಾವ ಸೂಜಿಯೂ ಎಬ್ಬಿಸದು.

ಹಾಕುವುದಾದರೆ ಸರಿಯಾಗಿ ಹಾಕಲಿ. ಸುತ್ತು ಬರುವವರನ್ನು ಕೂರಿಸಿದರೆ ಮೂರ್ಛೆ ಹೋಗಬಹುದು, ಮಲಗಿಸಬೇಕು. ಕಿವಿಯ ಮುಂದಿನ ಟಿಂಗ್‌ಗೊಂಗ್ ಬಿಂದು ಬಾಯಿ ತೆರೆದಾಗ ಮಾತ್ರ ತಗ್ಗಾಗಿ ಸಿಗುತ್ತದೆ. ಬಾಯಿ ಮುಚ್ಚಿದ್ದರೆ ಸೂಜಿ ದವಡೆಯ ಮೂಳೆಗೆ ತಾಗುತ್ತದೆ. ಕತ್ತಿನ ಹಿಂದಿನ ಫೆಂಗ್‌ಚೀ ಬಿಂದುವಿನಲ್ಲಿ ಸೂಜಿಯ ತುದಿ ಮೂಗಿನ ಕಡೆಗಿರಬೇಕು, ಆಳವಾಗಿ ಮೇಲ್ಮುಖ ಹೋದರೆ ಮಿದುಳಿನ ಬುಡವೇ ಅಪಾಯದಲ್ಲಿ. ಪೇಸ್‌ಮೇಕರ್, ಕಾಕ್ಲಿಯರ್ ಇಂಪ್ಲಾಂಟ್ (ಒಳಕಿವಿಗೆ ಅಳವಡಿಸಿದ ಶ್ರವಣಯಂತ್ರ) ಇದ್ದವರಿಗೆ ಸೂಜಿಯ ಮೂಲಕ ಕರೆಂಟ್ ಕೊಡಲೇಬಾರದು.

ತಮ್ಮಿಂದ ಆಗಬೇಕಾದದ್ದು ಇಷ್ಟು. ಕೆಪಿಎಂಇ (ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆ) ತಪಾಸಣೆಗೆ ಹೋದವರು ಬೋರ್ಡಿನಲ್ಲಿ ‘ಪೂರಕ ಚಿಕಿತ್ಸೆ’ ಎಂದಿದೆಯೇ, ರಿಜಿಸ್ಟರಿನಲ್ಲಿ ಕಿವಿ ಕೇಳಿಸದಾದ ತಾರೀಖು ಮತ್ತು ಆಡಿಯೋಗ್ರಾಂ ಇದೆಯೇ, ಬಳಸಿದ ಸೂಜಿ 2016ರ ವೈದ್ಯಕೀಯ ತ್ಯಾಜ್ಯ ನಿಯಮದಂತೆ, ಸೂಜಿ ಚುಚ್ಚಿ ಹೊರಬರಲಾಗದ ಬಿಳಿ ಡಬ್ಬಿಗೆ ಬೀಳುತ್ತಿದೆಯೇ ಎಂದು ನೋಡಲಿ. ಪ್ರತಿ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೂ ಒಂದು ಶ್ರುತಿಕವೆ ಕೊಡಿಸಿ. ಹಠಾತ್ ಕಿವುಡು ಎಂದು ಅನುಮಾನ ಬಂದವರನ್ನು ಅದೇ ದಿನ ಜಿಲ್ಲಾ ಆಸ್ಪತ್ರೆಯ ಕಿವಿ ವಿಭಾಗಕ್ಕೆ ಕಳಿಸಬೇಕೆಂದು ಸುತ್ತೋಲೆ ಹೊರಡಿಸಿ.

ಇಂತಿ,
ಶ್ರವಣತಜ್ಞರು ಮತ್ತು ಅಕ್ಯುಪಂಕ್ಚರ್ ಚಿಕಿತ್ಸಕರು