ಗುಡ್ಲಿನಾಚೆ ನಿಂತವನ ಪತ್ರ

ಗೆಳೆಯಾ,

ಹಾಸ್ಟೆಲ್ ಬಿಡೋ ದಿನ ನೀನು ಕೇಳಿದ್ದೆಯಲ್ಲ, "ಡಿಗ್ರಿ ಓದಿದೋನು ನೀನು, ಬಾಣಂತೀರನ್ನ ಊರಾಚೆ ಇಡಬೇಡಿ ಅಂತ ನಿಮ್ಮ ಹಟ್ಟಿಯೋರಿಗೆ ಒಂದು ಮಾತು ಹೇಳೋಕಾಗಲ್ವೇನೋ?" ಅಂತ. ಆವತ್ತು ನಕ್ಕು ಸುಮ್ಮನಾದೆ.

ಅಕ್ಕನಿಗೆ ಗಂಡು ಕೂಸು ಹುಟ್ಟಿ ಹದಿನೆಂಟು ದಿನ ಆಯ್ತು. ಹೆರಿಗೆ ಆಸ್ಪತ್ರೆಯಲ್ಲೇ ಆಗಿದ್ದು. ವಾಪಸ್ ಬಂದೋಳು ಮಾತ್ರ ಹಟ್ಟಿಯೊಳಕ್ಕೆ ಕಾಲಿಡಲಿಲ್ಲ. ಹೊಲದ ಬದುವಿನ ಹತ್ರ ಅಪ್ಪ ಮೊದಲೇ ಹಾಕಿಟ್ಟಿದ್ದ ಗುಡ್ಲಿಗೆ ಹೋದಳು. ತೆಂಗಿನ ಗರಿ, ಹಳೇ ಸೀರೆ, ಮೇಲೊಂದು ಟಾರ್ಪಾಲು. ಒಳಗೆ ನೆಟ್ಟಗೆ ನಿಲ್ಲೋಕಾಗಲ್ಲ. ಸೂತಕ ಕಳೆಯೋಕೆ ಇನ್ನೂ ತಿಂಗಳ ಮೇಲಿದೆ. ಮುದ್ದೆ, ಸಾರು ಒಯ್ಯೋದು ನಾನೇ. ಕಲ್ಲಿನ ಮೇಲಿಟ್ಟು ಹಿಂದಕ್ಕೆ ಸರೀತೀನಿ, ಆಮೇಲೆ ಅವಳು ಬಂದು ತಗೋತಾಳೆ. ಚಿಕ್ಕಂದಿನಲ್ಲಿ ನನ್ನನ್ನ ಕಂಕುಳಲ್ಲಿ ಹೊತ್ತು ತಿರುಗಿದೋಳು ಕಣೋ.

ಕಾನೂನು ಗೊತ್ತಿಲ್ಲದೆ ಅಲ್ಲ. ಹಿಂಗೆ ಹೊರಗಿಡೋದರ ವಿರುದ್ಧ 2017ರಲ್ಲೇ ರಾಜ್ಯದಲ್ಲಿ ಕಾಯ್ದೆ ಆಯ್ತು, 2020ರಲ್ಲಿ ಜಾರಿಗೂ ಬಂತು. 2023ರ ಜುಲೈನಲ್ಲಿ ತುಮಕೂರಿನ ಹತ್ರ ನಮ್ಮಂಥ ಕಾಡುಗೊಲ್ಲರದೇ ಒಂದು ಹಟ್ಟಿಯಲ್ಲಿ ಗುಡ್ಲಲ್ಲಿದ್ದ ಹಸುಗೂಸು ಶೀತವಾಗಿ ತೀರಿಕೊಂಡಾಗ ನ್ಯಾಯಾಧೀಶರೇ ಹಟ್ಟಿಗೆ ಬಂದ್ರು. ಆ ಸುದ್ದಿ ಅಪ್ಪನಿಗೆ ಓದಿ ಹೇಳಿದೆ.

ಅಪ್ಪ ಬೈಯಲಿಲ್ಲ. ಬೈದಿದ್ರೆ ಜಗಳ ಆಡ್ತಿದ್ದೆ. "ನಾಳೆ ಯಾರ ಕುರಿ ರೊಪ್ಪದಲ್ಲಾದ್ರೂ ಒಂದು ಸತ್ತು ಬಿದ್ರೆ, ಸೂತಕ ಮುರಿದೋರು ಅಂತ ಯಾರ ಹೆಸರು ಹೇಳ್ತಾರೆ?" ಅಂದು ಕಂಬಳಿ ಹೆಗಲಿಗೆ ಹಾಕ್ಕೊಂಡು ಹೊರಟುಬಿಟ್ಟ. ಅಪ್ಪನಿಗೆ ನಮ್ಮ ದೇವರು ಜುಂಜಪ್ಪನ ಭಯಕ್ಕಿಂತ ಪಕ್ಕದ ಮನೆ ಭಯ ಜಾಸ್ತಿ. ಪಕ್ಕದ ಮನೆಯೋರಿಗೆ ನಮ್ಮ ಭಯ ಇರಬೇಕು, ಯಾರಿಗ್ಗೊತ್ತು!

ಅಕ್ಕನನ್ನೇ ಕೇಳಿದೆ, "ಒಳಗೆ ಬಾ, ನಾನು ನೋಡ್ಕೋತೀನಿ" ಅಂತ. "ನೀನು ಇಂಟರ್‌ವ್ಯೂ ಅಂತ ಬೆಂಗ್ಳೂರಿಗೆ ಹೋಗ್ತೀಯ. ಇಲ್ಲಿ ಬಾಳಬೇಕಾದೋಳು ಅವ್ವ" ಅಂದಳು. ಬಾಯಿ ಕಟ್ಟಿದಂಗಾಯ್ತು.

ಇದನ್ನ ಓದಿ ನಮ್ಮ ಹಟ್ಟಿನೇ ನರಕ ಅಂದ್ಕೋಬೇಡ. ಅಜ್ಜ ಗಣೆ ಅನ್ನೋ ಬಿದಿರು ಕೊಳಲು ಊದಿ ಜುಂಜಪ್ಪನ ಕತೆ ಎತ್ತಿದ್ರೆ ಬೆಳಗಿನ ಜಾವದ ತನಕ ಈಗಲೂ ಅಲ್ಲಾಡದೆ ಕೂತ್ಕೋತೀನಿ, ಮೈ ಜುಂ ಅನ್ನುತ್ತೆ. ಅದೇ ಅಜ್ಜನೇ ಗುಡ್ಲಿಗೆ ಜಾಗ ತೋರಿಸಿದ್ದು. ಅಜ್ಜನಲ್ಲಿ ಯಾವುದನ್ನ ಇಟ್ಕೊಂಡು ಯಾವುದನ್ನ ಬಿಡಲಿ ಹೇಳು.

ಸೋಮವಾರ ರಾತ್ರಿ ಜೋರು ಮಳೆ. ಟಾರ್ಪಾಲು ಕಿತ್ತು ಹಾರ್ತಿತ್ತು. ಓಡಿ ಹೋಗಿ ಕಟ್ಟಿದೆ. ಅಕ್ಕ ಹಾಸಿಗೆ ಎತ್ತಿಡಬೇಕಿತ್ತು, ಕೂಸನ್ನ ಯಾರಾದ್ರೂ ಹಿಡ್ಕೋಬೇಕಿತ್ತು. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿದ್ವಿ. ಕೈ ಚಾಚಿದೆ, ಕೊಟ್ಟಳು. ಮಳೆ ನಿಲ್ಲೋ ತನಕ ಎದೆಗೆ ಒತ್ಕೊಂಡೇ ಕೂತಿದ್ದೆ. ಎಷ್ಟು ಬೆಚ್ಚಗಿತ್ತೋ!

ಬೆಳಿಗ್ಗೆ ಅವ್ವ ಕೇಳಿದಳು, "ಮುಟ್ಟಿದ್ಯಾ?"

"ಇಲ್ಲ" ಅಂದೆ.

ನೋಡು, ನಿನ್ನ ಡಿಗ್ರಿ ಓದಿದ ಗೆಳೆಯ ಹಟ್ಟಿಯೋರಿಗೆ ಹೇಳಿದ ಒಂದೇ ಮಾತು ಅದು. ನಿನ್ನೆಯಿಂದ ರೊಪ್ಪದಲ್ಲಿ ಒಂದು ಮರಿ ಕೆಮ್ತಾ ಇದೆ. ಮಳೇಲಿ ನೆಂದಿದ್ದಕ್ಕೆ ಅಂತ ಗೊತ್ತು. ಆದ್ರೂ ರಾತ್ರಿ ಎರಡು ಸಲ ಎದ್ದು ಟಾರ್ಚ್ ಬಿಟ್ಟು ನೋಡಿ ಬಂದೆ.

ನಿನ್ನ ಗೆಳೆಯ