ಒಂದು ಗಂಟೆಯ ಕತ್ತಲೆಯನ್ನೂ ಕೊಡಲಾಗದೇ?

ಮಾನ್ಯರೇ,

ಕಾಸರಗೋಡಿನ ನಮ್ಮೂರ ಮೈದಾನದಲ್ಲಿ ಎತ್ತರದ ಕಂಬದ ಮೇಲೆ ಹಾಕಿದ ಹೊಸ ಹೈಮಾಸ್ಟ್ ದೀಪದ ಉದ್ಘಾಟನೆಯ ವರದಿಯನ್ನು ನಿಮ್ಮ ಪತ್ರಿಕೆಯಲ್ಲಿ ಓದಿದೆ. ಚಿತ್ರದಲ್ಲಿ ಎಲ್ಲರೂ ನಗುತ್ತಿದ್ದಾರೆ. ಅದೇ ದೀಪದಡಿ ಶನಿವಾರ ರಾತ್ರಿ ಎಂಟು ಮಕ್ಕಳು ಸಪ್ಪೆ ಮೋರೆ ಹಾಕಿಕೊಂಡು ನಿಂತಿದ್ದರು. ದಯವಿಟ್ಟು ಅದನ್ನೂ ಪ್ರಕಟಿಸಿ.

ಮಹಾವ್ಯಾಧ (ಒರಾಯನ್) ನಕ್ಷತ್ರಪುಂಜದ ಕಾಲ ಬುಡದಲ್ಲಿರುವ ಶಶ (ಮೊಲ) ಪುಂಜದ ಆರ್ ಲೆಪೊರಿಸ್ ಎಂಬ ಕೆಂಪು ದೈತ್ಯ ನಕ್ಷತ್ರವನ್ನು ತೋರಿಸುತ್ತೇನೆಂದು ಅವರಿಗೆ ಮಾತು ಕೊಟ್ಟಿದ್ದೆ. 1845ರಲ್ಲಿ ಇದನ್ನು ಗುರುತಿಸಿದ ಇಂಗ್ಲಿಷ್ ಖಗೋಳಜ್ಞ ಹೈಂಡ್, ಬಣ್ಣ ನೋಡಿ ರಕ್ತದ ಹನಿಗೆ ಹೋಲಿಸಿದ್ದ. ಹೊರಪದರದ ಇಂಗಾಲ ನೀಲಿ ಬೆಳಕನ್ನು ನುಂಗುವುದರಿಂದ ಅಷ್ಟು ಕೆಂಪು. ಹೊಳಪು ಏರಿದಾಗ ಕಾಂತಿಮಾನ 5.5, ಇಳಿದಾಗ 11.7 (ಈ ಅಳತೆಯಲ್ಲಿ ಸಂಖ್ಯೆ ಕಡಿಮೆಯಾದಷ್ಟೂ ಹೊಳಪು ಹೆಚ್ಚು). ಏರಿದಾಗಲೂ ಅದು ಬರಿಗಣ್ಣಿನ ಅಂಚಿನಲ್ಲಿರುವ ಮಸುಕು ಚುಕ್ಕಿ; ಬೈನಾಕ್ಯುಲರ್ ಬೇಕು, ಕಣ್ಣು ಅರ್ಧ ಗಂಟೆ ಕತ್ತಲೆಗೆ ಒಗ್ಗಬೇಕು. ಒಂದು ಏರಿಳಿತಕ್ಕೆ ಸುಮಾರು 430 ದಿನ. ಈ ಸಲ ತಪ್ಪಿದರೆ ಮತ್ತೆ ಹದಿನಾಲ್ಕು ತಿಂಗಳು. ಹತ್ತನೆಯ ತರಗತಿಯ ಈ ಮಕ್ಕಳು ಅಷ್ಟರಲ್ಲಿ ಯಾವ ಊರಿನಲ್ಲಿರುತ್ತಾರೋ!

ತೋಟದಲ್ಲಿ ನಿಂತು ನೋಡೋಣವೆಂದರೆ ಅಡಿಕೆ ಸೋಗೆಗಳ ನಡುವೆ ಆಕಾಶ ಚೂರುಚೂರು. ಬಯಲೆಂದು ಇರುವುದು ಆ ಮೈದಾನವೊಂದೇ. ಒಂದು ಗಂಟೆ ದೀಪ ಆರಿಸಿಕೊಡಿ ಎಂದು ಕೇಳಲು ಕೊಯ್ಲಿನ ಕೆಲಸ ಬಿಟ್ಟು ಮೂರು ದಿನ ಕಚೇರಿಗೆ ಅಲೆದೆ. ಮೊದಲ ದಿನ ಅಧಿಕಾರಿ ರಜೆಯಲ್ಲಿದ್ದರು. ಎರಡನೆಯ ದಿನ, ಅರ್ಜಿಯನ್ನು ಮಲಯಾಳದಲ್ಲಿ ಬರೆದು ತನ್ನಿ ಎಂದರು. ಬರೆಸಿ ತಂದರೆ, ಸ್ವಿಚ್ಚಿನ ಪೆಟ್ಟಿಗೆಯ ಕೀಲಿಕೈ ಗುತ್ತಿಗೆದಾರನ ಬಳಿ ಇದೆಯಂತೆ! ಶನಿವಾರ ರಾತ್ರಿ ಎಂಟರಿಂದ ಫೋನ್ ಮಾಡಿದೆ, ಯಾರೂ ಎತ್ತಲಿಲ್ಲ. ಮಕ್ಕಳನ್ನು ಕರೆತಂದು ಮನೆಗೆ ಬಿಟ್ಟ ಆಟೋ ಬಾಡಿಗೆ ಬೇರೆ.

ಹೋದ ಸಲ, ಆ ಕಂಬ ಬರುವ ಮೊದಲು, ನನ್ನ ಮಗಳು ಅದೇ ಜಾಗದಿಂದ ಈ ನಕ್ಷತ್ರವನ್ನು ನೋಡಿದ್ದಳು. ಒಲೆಯ ಬೂದಿಯಲ್ಲಿ ಉಳಿದ ಕೆಂಡದ ಚೂರಿನಂತಿತ್ತು. ಈ ಸಲ ತಲೆಯ ಮೇಲೆ ಶಾಲು ಹೊದ್ದು, ಬೈನಾಕ್ಯುಲರಿನ ಎರಡೂ ಬದಿಗೆ ಕೈ ಮರೆಮಾಡಿ ಹತ್ತು ನಿಮಿಷ ಹುಡುಕಿದಳು. "ಇಲ್ಲ ಅಪ್ಪ, ಎಲ್ಲ ಬಿಳಿಚಿಕೊಂಡಿದೆ" ಎಂದಳು. ಉಳಿದ ಏಳು ಮಕ್ಕಳಿಗೆ ನಾನು ಏನು ತೋರಿಸಲಿ?

ಖಾಲಿ ಮೈದಾನಕ್ಕೆ ರಾತ್ರಿಯಿಡೀ ಹಗಲು. ಶಾಲೆಯ ತಿರುವಿನ ಬೀದಿದೀಪ ಕೆಟ್ಟು ಎರಡು ವರ್ಷ. ಅಲ್ಲಿ ಹೆಂಗಸರು ಮೊಬೈಲ್ ಬೆಳಕಿನಲ್ಲಿ ನಡೆಯುತ್ತಾರೆ. ಅದಕ್ಕೂ ಅರ್ಜಿ ಕೊಟ್ಟಿದ್ದೇನೆ, ಕನ್ನಡದಲ್ಲಿಯೇ. ಉತ್ತರವಿಲ್ಲ. ಈ ನೆಲದ ಕನ್ನಡಿಗರು ಕನ್ನಡದಲ್ಲಿ ಬರೆದು ಕನ್ನಡದಲ್ಲೇ ಉತ್ತರ ಪಡೆಯಬಹುದೆಂದು 1969ರ ಕೇರಳ ಅಧಿಕೃತ ಭಾಷಾ ಕಾಯಿದೆ ಹೇಳುತ್ತದೆ. ಕಚೇರಿಯಲ್ಲಿ ಕುಳಿತವರಿಗೆ ಇದನ್ನು ತಿಳಿಸುವವರು ಯಾರು? ಕನ್ನಡ ಬಾರದವರನ್ನು ಕನ್ನಡ ಶಾಲೆಗೆ ಅಧ್ಯಾಪಕರಾಗಿ ಕಳುಹಿಸುವುದೂ ಇಂಥವರೇ.

ದೀಪಕ್ಕೆ ಮೇಲಿನಿಂದ ಮರೆ ಹಾಕಿ ಬೆಳಕು ನೆಲಕ್ಕಷ್ಟೇ ಬೀಳುವಂತೆ ಮಾಡಲಿ. ಆಗದಿದ್ದರೆ ಒಂಬತ್ತರ ಮೇಲೆ ಆರಿಸಲಿ. ತಿರುವಿನ ದೀಪವನ್ನು ಉರಿಸಲಿ. ಅದೂ ಆಗದಿದ್ದರೆ ಆ ಎಂಟು ಮಕ್ಕಳ ಎದುರು ನಿಂತು ಯಾಕೆ ಆಗಲಿಲ್ಲ ಎಂದು ಹೇಳಲಿ, ಕನ್ನಡದಲ್ಲಿ.

– ಒಬ್ಬ ಅಡಿಕೆ ಕೃಷಿಕ, ಕಾಸರಗೋಡು